ಅಮ್ಮನ ಕೈಗೆಟುಕುವ ಎತ್ತರ

ಧರ್ಮಕೇಂದ್ರದ ಗುರುವಾದವನಿಗೆ ವರ್ಷದಲ್ಲಿ ಹತ್ತಾರು ಹೊಸ ಮನೆಗಳನ್ನು ಆಶೀರ್ವದಿಸುವ ಭಾಗ್ಯ ಒದಗಿಬರುತ್ತದೆ. ಪವಿತ್ರ ಜಲವನ್ನು ಪ್ರೋಕ್ಷಿಸುತ್ತ ಕೋಣೆಯಿಂದ ಕೋಣೆಗೆ ನಡೆಯುವಾಗ ಮನೆಯವರು ಯಾವುದನ್ನು ಮೊದಲು ತೋರಿಸುತ್ತಾರೆ ಎಂಬುದನ್ನು ನಾನು ಗಮನಿಸುತ್ತ ಬಂದಿದ್ದೇನೆ. ನನಗೆ ಗುರುದೀಕ್ಷೆಯಾದ ಹೊಸದರಲ್ಲಿ ಯಜಮಾನರು ತಾರಸಿಯನ್ನು ತೋರಿಸುತ್ತಿದ್ದರು. ಆ ಬಳಿಕ ಕೊಳವೆಬಾವಿಯನ್ನು. ಈಗ ನೇರವಾಗಿ ಅಡುಗೆಮನೆಗೆ ಕರೆದೊಯ್ಯುತ್ತಾರೆ. "ಫಾದರ್, ಸ್ವಲ್ಪ ತಳ್ಳಿ ನೋಡಿ, ತಾನಾಗಿಯೇ ಮುಚ್ಚಿಕೊಳ್ಳುತ್ತದೆ" ಎನ್ನುತ್ತಾರೆ. ಒಂದು ಕೈಯಲ್ಲಿ ಪ್ರಾರ್ಥನಾ ಪುಸ್ತಕವನ್ನು ಹಿಡಿದು, ಇನ್ನೊಂದು ಕೈಯಿಂದ ಎಷ್ಟೋ ಮನೆಗಳ ಡ್ರಾಯರುಗಳನ್ನು ನಾನು ತಳ್ಳಿ ನೋಡಿದ್ದೇನೆ. ಸದ್ದಿಲ್ಲದೆ ಅವು ಒಳಸರಿಯುವುದನ್ನು ಕಂಡು ಗೃಹಿಣಿಯ ಮುಖ ಅರಳುತ್ತದೆ. ಇದನ್ನು ಆಡಂಬರವೆಂದು ತಳ್ಳಿಹಾಕುವ ಉಪದೇಶಕರ ಸಾಲಿಗೆ ನಾನು ಸೇರಿದವನಲ್ಲ. ಮೂವತ್ತು ವರ್ಷ ಹೊಗೆಯಲ್ಲಿ ಕಣ್ಣುಜ್ಜಿಕೊಂಡವಳಿಗೆ ಆ ಅರಳುವ ಹಕ್ಕು ಇದೆ.

ನಾನು ಬೆಳೆದ ಮನೆಯಲ್ಲಿ ಮುಚ್ಚುವ ಬಾಗಿಲುಗಳೇ ಕಡಿಮೆ. ಕನಕಪುರದ ಕಡೆಯ ನಮ್ಮ ಹಳ್ಳಿಯ ಆ ಹೆಂಚಿನ ಮನೆಯಲ್ಲಿ ಬಟ್ಟೆಗಳು ಗಳುವಿನ ಮೇಲೆ, ಹಾಲು ಮೊಸರು ನೆಲುವಿನಲ್ಲಿ, ಉಪ್ಪು ಹುಣಿಸೆ ಗೋಡೆಯ ಗೂಡಿನಲ್ಲಿ, ರಾಗಿ ಮಣ್ಣಿನ ವಾಡೆಯಲ್ಲಿ. ಎಲ್ಲವೂ ಕಣ್ಣಿಗೆ ಕಾಣುವಂತೆಯೇ ಇರುತ್ತಿದ್ದವು. ಮರದ ಸಾಮಾನೆಂದು ಇದ್ದದ್ದು ಅಮ್ಮನ ಮದುವೆಯ ಪೆಟ್ಟಿಗೆಯೊಂದೇ. ಅದು ಬೇವಿನ ಹಲಗೆಯದು. ಊರಿನ ಆಚಾರಿ ಮಾಡಿಕೊಟ್ಟದ್ದು. ನೇಗಿಲು, ನೊಗ, ಕುಂಟೆಗಳನ್ನು ಸರಿಪಡಿಸಿಕೊಡುವುದಕ್ಕೆ ಆತನಿಗೆ ಸುಗ್ಗಿಯಲ್ಲಿ ರಾಗಿಯ ರೂಪದಲ್ಲಿ ಆಯ ಸಲ್ಲುತ್ತಿತ್ತು. ಪೆಟ್ಟಿಗೆ ಆ ಲೆಕ್ಕಕ್ಕೆ ಸೇರುವಂಥದ್ದಲ್ಲವಾದ್ದರಿಂದ ಅಜ್ಜ ಪ್ರತ್ಯೇಕವಾಗಿ ಹಣ ಕೊಟ್ಟರಂತೆ. ಬೇವಿನ ಕಹಿಗೆ ಹೆದರಿ ನುಸಿ ಹತ್ತಿರ ಸುಳಿಯುವುದಿಲ್ಲವೆಂದು ಅಮ್ಮ ಹೇಳುವುದುಂಟು. ಅರುವತ್ತು ವರ್ಷಗಳ ಬಳಿಕವೂ ಅದರ ಮುಚ್ಚಳವನ್ನು ಎತ್ತಿದರೆ ಒಗರುವಾಸನೆಯೊಂದು ಬರುತ್ತದೆ.

2023ರಲ್ಲಿ ನನ್ನ ತಮ್ಮ ಬೆಂಗಳೂರಿನ ಹೊರವಲಯದಲ್ಲಿ ಬ್ಯಾಂಕಿನ ಸಾಲದಿಂದ ನಾಲ್ಕನೆಯ ಮಹಡಿಯ ಒಂದು ಮನೆಯನ್ನು ಕೊಂಡನು. ಆತನ ಮಡದಿ ಆಸ್ಪತ್ರೆಯಲ್ಲಿ ದಾದಿ. ಅಪ್ಪ ತೀರಿಕೊಂಡ ಬಳಿಕ ಹಳ್ಳಿಯಲ್ಲಿ ಒಬ್ಬಳೇ ಉಳಿದಿದ್ದ ಅಮ್ಮನನ್ನು ಕರೆತರುವುದೆಂದು ಆಗಲೇ ನಿಶ್ಚಯವಾಗಿತ್ತು. ಕಪಾಟು ಮತ್ತು ಅಡುಗೆಮನೆಯ ಮರಗೆಲಸದ ಉಸ್ತುವಾರಿಯನ್ನು ನನಗೆ ವಹಿಸಲಾಯಿತು. ದೇವಾಲಯದ ಬೆಂಚುಗಳನ್ನೂ, ಪಾಪನಿವೇದನಾ ಪೀಠವನ್ನೂ ಮಾಡಿಸಿದ ಗುರುವಿಗೆ ಮರದ ವಿಷಯ ಗೊತ್ತಿರಬೇಕೆಂಬ ನಂಬಿಕೆ ನಮ್ಮ ಕುಟುಂಬದಲ್ಲಿದೆ.

ತಮ್ಮ ಮೊದಲು ಒಂದು ಮಾಡ್ಯುಲರ್ ಕಂಪನಿಯವರನ್ನು ಕಂಡಿದ್ದನು. ಹೆಸರು ಬೇಡ. ಅವರು ಗಣಕಯಂತ್ರದಲ್ಲಿ ರಚಿಸಿಕೊಟ್ಟ ಚಿತ್ರ ನಿಜಕ್ಕೂ ಮನೋಹರವಾಗಿತ್ತು. ಹಾಲಿನಂಥ ಬಿಳುಪಿನ ಬಾಗಿಲುಗಳು, ಹಿಡಿಕೆಗಳೇ ಇಲ್ಲ, ಕಲ್ಲಿನ ಮೇಲೆ ಒಂದು ಬೋಗುಣಿ, ಬೋಗುಣಿಯಲ್ಲಿ ಮೂರು ನಿಂಬೆಹಣ್ಣು. ಕುಕ್ಕರ್ ಇರಲಿಲ್ಲ, ಒಗ್ಗರಣೆಯ ಡಬ್ಬವಿರಲಿಲ್ಲ, ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಇರಲಿಲ್ಲ. ರಾಗಿ ಹಿಟ್ಟಿನ ಡಬ್ಬವನ್ನು ಎಲ್ಲಿಡಬೇಕೆಂದು ಕೇಳಿದ್ದಕ್ಕೆ ಆ ಯುವಕ "ಯುಟಿಲಿಟಿಯಲ್ಲಿ" ಎಂದನು. ನಾವು ಏನನ್ನು ಕೇಳಿದರೂ ಆತ ಅದನ್ನು ಯುಟಿಲಿಟಿಗೆ ಕಳುಹಿಸುತ್ತಿದ್ದನು. ಚದರಡಿಯ ದರವೇನೋ ಮೊದಲು ಹಿತವಾಗಿಯೇ ಕೇಳಿಸಿತು. ಆಮೇಲೆ ಮೇಲ್ಗಡೆಯ ಅಟ್ಟ ಬೇರೆ, ಕೀಲು ಬೇರೆ, ಡ್ರಾಯರಿನ ಹಳಿ ಬೇರೆ, ಜಿಎಸ್‌ಟಿ ಬೇರೆ ಎಂದು ಮೊತ್ತ ಬೆಳೆಯುತ್ತ ಹೋಯಿತು. ಮುಂಗಡ ಕೊಟ್ಟಿದ್ದ ಹಣದಲ್ಲಿ ಅರ್ಧ ಎರಡು ತಿಂಗಳ ಬಳಿಕ ಹಿಂದಕ್ಕೆ ಬಂತು. ಉಳಿದರ್ಧವನ್ನು ನಾವು ಮರೆತಿದ್ದೇವೆ. ಈ ಕೆಲಸ ಮಾಡಿಸಹೊರಟ ಕುಟುಂಬಗಳಿಗೆ ಒಂದು ಮಾತು: ಚದರಡಿಯನ್ನು ಹೇಗೆ ಅಳೆಯುತ್ತಾರೆಂಬುದನ್ನು ಮೊದಲೇ ಬರೆಸಿಕೊಳ್ಳಿರಿ. ಕಪಾಟಿನ ಎದುರುಭಾಗದ ಅಗಲವನ್ನು ಎತ್ತರದಿಂದ ಗುಣಿಸುವುದು ಒಂದು ಪದ್ಧತಿ. ಒಳಗಿನ ಹಲಗೆಗಳನ್ನೆಲ್ಲ ಬಿಡಿಬಿಡಿಯಾಗಿ ಕೂಡಿಸುವುದು ಇನ್ನೊಂದು. ಒಂದೇ ಕಪಾಟಿಗೆ ಎರಡೂ ಪದ್ಧತಿಗಳಲ್ಲಿ ಬರುವ ಮೊತ್ತಗಳು ಪರಸ್ಪರ ಗುರುತು ಹಿಡಿಯಲಾರವು.

ಕಡೆಗೆ ನಮ್ಮ ದೇವಾಲಯದ ಪೂಜಾವಸ್ತ್ರಗಳ ಕಪಾಟನ್ನು ಮಾಡಿಕೊಟ್ಟಿದ್ದ ಮೇಸ್ತ್ರಿಯನ್ನೇ ಕರೆಸಿದೆವು. ರಾಜಸ್ಥಾನದಿಂದ ಹುಡುಗನಾಗಿದ್ದಾಗ ಬಂದು, ಬೆಂಗಳೂರಿನಲ್ಲಿಯೇ ಮನೆಮಾಡಿಕೊಂಡು, ತಪ್ಪಿಲ್ಲದ ಕನ್ನಡವನ್ನು ಕಲಿತ ಮನುಷ್ಯ. ಪೂಜಾವಸ್ತ್ರಗಳನ್ನು ಮಡಚಿದರೆ ಜರಿ ಮುರಿಯುತ್ತದೆ, ಹಾಸಿಯೇ ಇಡಬೇಕು ಎಂದು ನಾನು ಹೇಳಿದಾಗ ಅಗಲವಾದ, ಆಳವಿಲ್ಲದ ಡ್ರಾಯರುಗಳನ್ನು ಆತನೇ ಯೋಚಿಸಿ ಮಾಡಿದ್ದನು. ಒಂದು ಇಂಚಿಗೆ ಎಂಟು ಸೂತು ಎಂಬ ಆತನ ಲೆಕ್ಕದಲ್ಲಿ ಅರ್ಧ ಸೂತಿನ ವ್ಯತ್ಯಾಸಕ್ಕೂ ಕ್ಷಮೆಯಿಲ್ಲ.

ಪ್ಲೈವುಡ್ ಎಂದರೆ ತೆಳುವಾದ ಮರದ ಪದರಗಳನ್ನು, ಒಂದರ ನಾರು ಉದ್ದಕ್ಕೆ, ಮುಂದಿನದರ ನಾರು ಅಡ್ಡಕ್ಕೆ ಬರುವಂತೆ ಅಂಟಿಸಿದ ಹಲಗೆ. ಮರ ಸಹಜವಾಗಿ ನಾರಿಗೆ ಅಡ್ಡಲಾಗಿ ಉಬ್ಬುತ್ತದೆ, ಕುಗ್ಗುತ್ತದೆ. ಪದರಗಳು ಹೀಗೆ ಒಂದನ್ನೊಂದು ಹಿಡಿದು ನಿಲ್ಲಿಸುವುದರಿಂದ ಎಂಟಡಿ ಉದ್ದ ನಾಲ್ಕಡಿ ಅಗಲದ ಹಲಗೆಯೂ ಡೊಂಕಾಗದೆ ಉಳಿಯುತ್ತದೆ. ಹಲಗೆಯ ಆಯುಷ್ಯವನ್ನು ನಿರ್ಧರಿಸುವುದು ಬಹುಮಟ್ಟಿಗೆ ಅಂಟು. ಯೂರಿಯಾ ಅಂಟಿನ ಎಂಆರ್ ದರ್ಜೆಯದು ತೇವದ ಗಾಳಿಯನ್ನು ತಡೆದೀತು, ನಿಂತ ನೀರನ್ನು ತಡೆಯದು. ಫಿನಾಲ್ ಅಂಟಿನ, ಐಎಸ್ 710 ಎಂಬ ಮುದ್ರೆಯುಳ್ಳ ಮೆರೈನ್ ದರ್ಜೆಯ ತುಂಡನ್ನು 72 ಗಂಟೆ ನೀರಿನಲ್ಲಿ ಕುದಿಸಿ ಪರೀಕ್ಷಿಸುತ್ತಾರೆ. ಮನೆಯೆಲ್ಲಕ್ಕೂ ಇದನ್ನೇ ಹಾಕಬೇಕೆಂದು ಅಂಗಡಿಯವರು ಒತ್ತಾಯಿಸಿಯಾರು. ಅಗತ್ಯವಿಲ್ಲ. ಪಾತ್ರೆ ತೊಳೆಯುವ ಸಿಂಕಿನ ಕೆಳಗೆ, ಅಡುಗೆಕಲ್ಲಿನ ಅಡಿಯಲ್ಲಿ, ಸ್ನಾನದ ಮನೆಗೆ ಒರಗಿದ ಗೋಡೆಯಲ್ಲಿ ಅದು ಬೇಕು. ಮಲಗುವ ಕೋಣೆಯ ಕಪಾಟಿಗೆ ಅಷ್ಟು ಖರ್ಚು ದಂಡ. ಉಳಿದ ಹಣವನ್ನು ಕೀಲುಗಳಿಗೆ ಹಾಕಿದರೆ ಲೇಸು, ಏಕೆಂದರೆ ಕಪಾಟು ಮೊದಲು ಸೋಲುವುದು ಕೀಲಿನಲ್ಲಿ. ಹಲಗೆಯ ಕತ್ತರಿಸಿದ ಅಂಚುಗಳನ್ನು, ಯಾರೂ ನೋಡದ ಹಿಂಬದಿಯಲ್ಲಿಯೂ, ಪಟ್ಟಿಯಿಂದಲೋ ಬಣ್ಣದಿಂದಲೋ ಮುಚ್ಚಿಸಬೇಕು. ನೀರು ಪ್ರವೇಶಿಸುವುದು ಅಲ್ಲಿಂದಲೇ. ಅನಿಲದ ಸಿಲಿಂಡರ್ ಇಡುವ ಕಪಾಟಿಗೆ ತಳದಲ್ಲಿ ಗಾಳಿಕಿಂಡಿಗಳು ಇರಲೇಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ.

ಹೊಸ ಹಲಗೆಯ ಆ ಕಟುವಾಸನೆಯನ್ನು ಹೊಸ ಮನೆಯ ಪರಿಮಳವೆಂದು ಕೆಲವರು ಹಿಗ್ಗುತ್ತಾರೆ. ಅದು ಅಂಟಿನಿಂದ ಹೊರಬರುವ ಫಾರ್ಮಾಲ್ಡಿಹೈಡ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿಯೇ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿತು. ತಮ್ಮನ ಮಡದಿಗೆ ಇದು ತಿಳಿದಿತ್ತು. ಮರಗೆಲಸ ಮುಗಿದ ಮೇಲೆ ಒಂದು ತಿಂಗಳು ಕಿಟಕಿಗಳನ್ನೂ ಕಪಾಟುಗಳನ್ನೂ ತೆರೆದಿಟ್ಟು, ಆನಂತರವೇ ಅಮ್ಮನನ್ನು ಕರೆತರುವುದೆಂದು ಆಕೆ ಕಟ್ಟುನಿಟ್ಟಾಗಿ ಹೇಳಿದಳು.

ಅಳತೆಗೆಂದು ಬಂದ ದಿನ ಮೇಸ್ತ್ರಿ ಗೋಡೆಯನ್ನು ಅಳೆಯುವ ಮೊದಲು "ಇಲ್ಲಿ ಅಡುಗೆ ಮಾಡುವವರು ಯಾರು?" ಎಂದು ಕೇಳಿದನು. ತಮ್ಮನ ಮಡದಿಯನ್ನು ನಿಲ್ಲಿಸಿ, ಮೊಣಕೈ ಮಡಚಲು ಹೇಳಿ, ನೆಲದಿಂದ ಮೊಣಕೈಗೆ ಟೇಪು ಹಿಡಿದನು. 40 ಇಂಚು. ಅದರಿಂದ ಐದು ಇಂಚು ಕಳೆದರೆ ಕಲ್ಲಿನ ಎತ್ತರ. ಹಾಗಿದ್ದರೆ ಭುಜ ಎತ್ತದೆ, ಬೆನ್ನು ಬಗ್ಗಿಸದೆ ತರಕಾರಿ ಹೆಚ್ಚಬಹುದೆಂದು ಆತನ ವಿವರಣೆ. ಮುಂದಿನ ಭಾನುವಾರ ನಾನು ಹಳ್ಳಿಗೆ ಹೋದಾಗ ಅಮ್ಮನ ಮೊಣಕೈಯನ್ನೂ ಅಳೆದು ತಂದೆ. ಬರೀ 35 ಇಂಚು. ಆಕೆಗೆ ಬೇಕಾದದ್ದು 30 ಇಂಚಿನ ಕಲ್ಲು, ಸೊಸೆಗೆ 35. ನಡುವಿನ ಎತ್ತರಕ್ಕೆ ಹಾಕಿಬಿಡೋಣವೆಂದನು ತಮ್ಮ. ಮೇಸ್ತ್ರಿ ಒಪ್ಪಲಿಲ್ಲ. "ನಡುವಿನ ಎತ್ತರದ ಹೆಂಗಸು ನಿಮ್ಮ ಮನೆಯಲ್ಲಿ ಯಾರೂ ಇಲ್ಲವಲ್ಲ" ಎಂದನು.

ಪ್ರಭು ಯೇಸುವಿನ ಕಸುಬನ್ನು ಹೇಳುವಾಗ ಸಂತ ಮಾರ್ಕನ ಶುಭಸಂದೇಶ ಬಳಸುವ ಗ್ರೀಕ್ ಪದ ತೆಕ್ತೋನ್. ಆತ ನೇಗಿಲು ನೊಗಗಳನ್ನು ಮಾಡುತ್ತಿದ್ದನೆಂದು ಎರಡನೆಯ ಶತಮಾನದ ರಕ್ತಸಾಕ್ಷಿ ಸಂತ ಜಸ್ಟಿನ್ ಬರೆದಿದ್ದಾರೆ. ನೊಗವನ್ನು ಎತ್ತಿನ ಹೆಗಲಿಗೆ ತಕ್ಕಂತೆ ಕೆತ್ತಬೇಕು. ಹೊಂದದಿದ್ದರೆ ಹೆಗಲು ಹುಣ್ಣಾಗುತ್ತದೆ. ನಮ್ಮ ಊರಿನ ಆಚಾರಿ ಎತ್ತನ್ನು ಅಂಗಳಕ್ಕೆ ಹೊಡೆದುಕೊಂಡು ಬರಲು ಹೇಳುತ್ತಿದ್ದುದು ನನಗೆ ನೆನಪಿದೆ. ಟೇಪು ಹಿಡಿದ ಮೇಸ್ತ್ರಿಯನ್ನು ನೋಡುತ್ತ ನಾನು ಆಲೋಚಿಸಿದ್ದು ಆ ಆಚಾರಿಯನ್ನು.

ನಾವು ಮಾಡ್ಯುಲರ್ ಎನ್ನುವ ಅಡುಗೆಮನೆಯ ಪೂರ್ವಜ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿದೆ. ಮೊದಲ ಮಹಾಯುದ್ಧದ ಬಳಿಕ ಅಲ್ಲಿ ಕಾರ್ಮಿಕ ಕುಟುಂಬಗಳಿಗಾಗಿ ಸಾವಿರಾರು ಮನೆಗಳನ್ನು ಕಟ್ಟಿಸಿದಾಗ, 1926ರಲ್ಲಿ, ಮಾರ್ಗರೆಟೆ ಶ್ಯುಟ್ಟೆ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯಾದ ವಾಸ್ತುಶಿಲ್ಪಿ ಆ ಅಡುಗೆಮನೆಯನ್ನು ರೂಪಿಸಿದರು. ರೈಲಿನ ಊಟದ ಬೋಗಿಯ ಇಕ್ಕಟ್ಟಾದ ಅಡುಗೆಕೋಣೆ ಆಕೆಗೆ ಮಾದರಿ. ಸುಮಾರು ಎರಡು ಮೀಟರು ಅಗಲ, ಮೂರೂವರೆ ಮೀಟರು ಉದ್ದದ ಜಾಗದಲ್ಲಿ ಕಪಾಟು, ಸಿಂಕು, ಒಲೆ, ಅಕ್ಕಿ ಸಕ್ಕರೆಗಳಿಗೆ ಹೆಸರು ಬರೆದ ಅಲ್ಯೂಮಿನಿಯಂ ಡಬ್ಬಗಳು. ಹೆಣ್ಣುಮಗಳು ವೃಥಾ ಹೆಜ್ಜೆ ಹಾಕಿ ದಣಿಯಬಾರದೆಂಬುದು ಉದ್ದೇಶ. ಸುಮಾರು ಹತ್ತು ಸಾವಿರ ಮನೆಗಳಲ್ಲಿ ಅದನ್ನು ಅಳವಡಿಸಿದರು. ಆ ಅಡುಗೆಮನೆಯ ಮೇಲೆ ಮುಂದೆ ಒಂದು ಆಕ್ಷೇಪ ಬಂತು: ಅದರಲ್ಲಿ ಒಬ್ಬರು ಮಾತ್ರ ಕೆಲಸ ಮಾಡಬಹುದು, ಇನ್ನೊಬ್ಬರಿಗೆ ನಿಲ್ಲಲೂ ಸ್ಥಳವಿಲ್ಲ. ನಮ್ಮ ಕೂಡುಕುಟುಂಬದ ಹೆಂಗಸರನ್ನು ಕೇಳಿದ್ದರೆ ಈ ಮಾತನ್ನು ಮೊದಲ ದಿನವೇ ಹೇಳುತ್ತಿದ್ದರು.

ಈ ತನಕ ನಾನು ಹೇಳದೆ ಉಳಿಸಿಕೊಂಡ ಸಂಗತಿಯೊಂದಿದೆ. ಅಮ್ಮನಿಗೆ ಮರೆವು ಆರಂಭವಾಗಿತ್ತು. ವಯಸ್ಸಿನ ಮರೆವೆಂದು ನಾವು ಅಂದುಕೊಂಡಿದ್ದನ್ನು ವೈದ್ಯರು ಬೇರೆ ಹೆಸರಿನಿಂದ ಕರೆದರು. ಹಳ್ಳಿಯ ಮನೆಯಲ್ಲಿ ಅದು ಅಷ್ಟಾಗಿ ತೋರುತ್ತಿರಲಿಲ್ಲ. ಉಪ್ಪು ಎಲ್ಲಿದೆಯೆಂದು ಆಕೆ ನೆನಪಿಟ್ಟುಕೊಳ್ಳುವ ಅಗತ್ಯವಿರಲಿಲ್ಲ, ಗೂಡಿನಲ್ಲಿ ಅದು ಕಾಣುತ್ತಿತ್ತು. ಆದರೆ ಒಂದು ವಾರಕ್ಕೆಂದು ತಮ್ಮನ ಬಾಡಿಗೆ ಮನೆಗೆ ಬಂದಿದ್ದಾಗ, ಆಕೆ ಉಪ್ಪಿಗಾಗಿ ಎಂಟು ಬಾಗಿಲುಗಳನ್ನು ಒಂದಾದ ಮೇಲೊಂದರಂತೆ ತೆರೆದು, ಮತ್ತೆ ಮೊದಲನೆಯದಕ್ಕೆ ಬಂದು, ಕೊನೆಗೆ ಅಡುಗೆಮನೆಯ ನಡುವೆ ಸುಮ್ಮನೆ ನಿಂತುಬಿಟ್ಟಿದ್ದನ್ನು ಸೊಸೆ ನೋಡಿದ್ದಳು. ಅಮ್ಮ ಆ ದಿನದಿಂದ "ನನಗೇಕೆ, ನೀವೇ ಮಾಡಿಕೊಳ್ಳಿ" ಎನ್ನತೊಡಗಿದಳು. ಅಡುಗೆಮನೆಯೊಳಕ್ಕೆ ಕಾಲಿಡುವುದನ್ನೇ ನಿಲ್ಲಿಸಿದಳು. ಐವತ್ತಕ್ಕೂ ಮಿಕ್ಕಿದ ವರ್ಷ ನಾಲ್ಕಾರು ಹೊಟ್ಟೆಗಳಿಗೆ ಬಡಿಸಿದವಳು ಸೋಫಾದ ತುದಿಯಲ್ಲಿ ಅತಿಥಿಯಂತೆ ಕುಳಿತಳು.

ಇದನ್ನು ಕೇಳಿದ ಮೇಸ್ತ್ರಿ ಸ್ವಲ್ಪ ಹೊತ್ತು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಸುಮ್ಮನಿದ್ದನು. ಆತನ ತಂದೆಗೂ ಕೊನೆಗಾಲದಲ್ಲಿ ಹೀಗೆಯೇ ಆಗಿತ್ತಂತೆ. ಆಮೇಲೆ, ಕಲ್ಲಿನ ಮೇಲುಗಡೆಯ ನಡುವಿನ ಕಪಾಟಿಗೆ ಬಾಗಿಲೇ ಬೇಡವೆಂದನು. ಉಪ್ಪು, ಬೆಲ್ಲ, ಬೇಳೆ, ಕಾಫಿಪುಡಿ, ದಿನವೂ ಬೇಕಾಗುವ ಎಲ್ಲವೂ ಗಾಜಿನ ಭರಣಿಗಳಲ್ಲಿ, ಕಾಣುವಂತೆ, ಅಮ್ಮನ ಕೈಗೆ ಎಟುಕುವ ಎತ್ತರದಲ್ಲಿ ಇರಲಿ. ತಮ್ಮ ಇದನ್ನು ಸುತರಾಂ ಒಪ್ಪಲಿಲ್ಲ. ಎಣ್ಣೆಯ ಜಿಡ್ಡು ಕೂರುತ್ತದೆ, ಧೂಳು ಬೀಳುತ್ತದೆ, ಇಷ್ಟು ಸಾಲ ಮಾಡಿ ಮಾಡಿಸಿದ್ದು ಹಳ್ಳಿಯ ಗೂಡಿನಂತೆ ಕಾಣುತ್ತದೆ ಎಂದನು. ಆತನ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ತೆರೆದ ಕಪಾಟನ್ನು ಒರೆಸುವ ಕೆಲಸ ಯಾರಿಗಾದರೂ ಬಿದ್ದೇ ಬೀಳುತ್ತದೆ. ಆದರೆ ಆತ ಎದುರಿಸಲಾರದೆ ಇದ್ದದ್ದು ಜಿಡ್ಡನ್ನಲ್ಲವೆಂದು ನನಗೆ ಅನಿಸುತ್ತಿತ್ತು. ಬಾಗಿಲಿಲ್ಲದ ಕಪಾಟನ್ನು ಒಪ್ಪಿದರೆ ಅಮ್ಮನ ಕಾಯಿಲೆಯನ್ನು ಒಪ್ಪಿದಂತಾಗುತ್ತಿತ್ತು. ಮೂರು ವಾರ ಈ ಚರ್ಚೆ ನಡೆಯಿತು. ಒಂದು ಹಂತದಲ್ಲಿ ಅಣ್ಣತಮ್ಮಂದಿರ ಮಾತು ದೂರವಾಣಿಯಲ್ಲಿ ಸ್ವಲ್ಪ ಗಟ್ಟಿಯಾಗಿಯೂ ಕೇಳಿಸಿತು.

ಕಡೆಗೆ ತೀರ್ಮಾನ ಹೇಳಿದವಳು ರಾತ್ರಿಪಾಳಿ ಮುಗಿಸಿ ಬಂದ ಸೊಸೆ. "ಒರೆಸುವವಳು ನಾನು ತಾನೇ?" ಎಂದಳು. ಅಲ್ಲಿಗೆ ಮಾತು ಮುಗಿಯಿತು.

ಹೀಗೆ ಕಲ್ಲು ಸೊಸೆಯ ಅಳತೆಗೆ 35 ಇಂಚಿನಲ್ಲಿಯೇ ನಿಂತಿತು. ಅಮ್ಮನಿಗಾಗಿ ಕಿಟಕಿಯ ಕೆಳಗೆ, ಮೊಣಕಾಲು ಒಳಗೆ ಹಿಡಿಸುವಂತೆ, ಕುರ್ಚಿ ಹಾಕಿಕೊಂಡು ಕುಳಿತುಕೊಳ್ಳಬಹುದಾದ 28 ಇಂಚು ಎತ್ತರದ ಒಂದು ಹಲಗೆ. ಒಲೆಯ ಜವಾಬ್ದಾರಿ ಆಕೆಗೆ ಬೇಡ, ಕೈಗೆ ಕೆಲಸ ಮಾತ್ರ ಬೇಕು ಎಂಬುದು ಸೊಸೆಯ ನಿಲುವು. ಅವರೆಕಾಯಿ ಸುಲಿಯುವುದು, ಸೊಪ್ಪು ಸೋಸುವುದು, ಬೆಳ್ಳುಳ್ಳಿ ಬಿಡಿಸುವುದು. ಅನಿಲದ ಕೊಳವೆಗೆ ಪ್ರತ್ಯೇಕ ಕವಾಟವನ್ನಿಟ್ಟು, ಅದರ ಕಪಾಟಿಗೆ ಮಾತ್ರ ಬೀಗ ಹಾಕುವಂತೆ ಮಾಡಿದೆವು. ಈಳಿಗೆಮಣೆಯನ್ನು ಬಿಟ್ಟು ಬರಲು ಅಮ್ಮ ಒಪ್ಪಲಿಲ್ಲ. ನೆಲಕ್ಕೆ ಕೂತು ಏಳುವುದು ಆಕೆಗೆ ಆಗದೆಂದು ಗೊತ್ತಿದ್ದೂ ಮೇಸ್ತ್ರಿ ಅದಕ್ಕೊಂದು ಅಗಲವಾದ ತಳದ ಡ್ರಾಯರನ್ನು ಮಾಡಿದನು. ಅದಕ್ಕೆ ಹಣ ಹಾಕಲಿಲ್ಲ.

ಆಕೆಯ ಕೋಣೆಯ ಬಟ್ಟೆಯ ಕಪಾಟಿಗೆ ಜಾರುಬಾಗಿಲು ಬೇಡವೆಂದು ನಾನೇ ಹಟ ಹಿಡಿದೆ. ಜಾರುಬಾಗಿಲು ಜಾಗವನ್ನೇನೋ ಉಳಿಸುತ್ತದೆ, ಆದರೆ ಒಂದು ಬದಿಯನ್ನು ತೆರೆದಾಗ ಇನ್ನೊಂದು ಬದಿಯನ್ನು ಮುಚ್ಚಿಬಿಡುತ್ತದೆ. ಮರೆಯುವವರಿಗೆ ಮುಚ್ಚಿದ್ದು ಇಲ್ಲವೇ ಇಲ್ಲ. ಎರಡಡಿ ಆಳದ ಕಪಾಟಿನಲ್ಲಿ ನಾಲ್ಕು ಸೀರೆಗಳು ಮಾತ್ರ ಎದುರಿಗೆ ಕಾಣುವಂತೆ ಕಣ್ಣಿನ ಮಟ್ಟದಲ್ಲಿ ಒಂದು ತೆರೆದ ಹಲಗೆ. ಉಳಿದ ಸೀರೆಗಳು ಬಾಗಿಲ ಹಿಂದೆ. ಹೆಚ್ಚು ಸೀರೆಗಳನ್ನು ಕಂಡರೆ ಯಾವುದನ್ನು ಉಡಬೇಕೆಂಬ ಗೊಂದಲದಲ್ಲಿ ಆಕೆ ಅಳುತ್ತಿದ್ದುದುಂಟು.

ಬೇವಿನ ಪೆಟ್ಟಿಗೆಯ ಪ್ರಶ್ನೆ ಉಳಿದಿತ್ತು. ಅದರ ಹಲಗೆಗಳನ್ನು ಬಿಚ್ಚಿ ಕಪಾಟಿನ ಒಳಗೆ ಬಳಸಬಹುದೆಂದು ಯಾರೋ ನೆಂಟರು ಸಲಹೆ ಕೊಟ್ಟರು. ಮೇಸ್ತ್ರಿ ಪೆಟ್ಟಿಗೆಯನ್ನು ಮಗುಚಿ ಮೂಲೆಗಳನ್ನು ನೋಡಿದನು. ಮೊಳೆ ಇಲ್ಲ. ಹಲಗೆಗೆ ಹಲಗೆ ಹಲ್ಲು ಕಚ್ಚಿದಂತೆ ಸೇರಿಸಿ, ಪ್ರಾಣಿಗಳ ಚರ್ಮದಿಂದ ಬೇಯಿಸಿ ತೆಗೆದ ಸರೇಸಿನಿಂದ ಅಂಟಿಸಿದ್ದರು. "ಇದನ್ನು ನಾನು ಬಿಚ್ಚುವುದಿಲ್ಲ, ಬೇರೆ ಯಾರನ್ನಾದರೂ ಕರೆಸಿ" ಎಂದು ಎದ್ದನು. ಪೆಟ್ಟಿಗೆ ಈಗ ಅಮ್ಮನ ಮಂಚದ ಪಕ್ಕದಲ್ಲಿದೆ.

ಸೆಮಿನರಿಯಲ್ಲಿ ನಮಗೆ ಗ್ರೀಕ್ ಕಲಿಸಿದ ವೃದ್ಧ ಗುರುಗಳು ಹೇಳಿಕೊಟ್ಟ ಒಂದು ಪದ ಈ ದಿನಗಳಲ್ಲಿ ಮತ್ತೆ ಮತ್ತೆ ನೆನಪಿಗೆ ಬರುತ್ತಿತ್ತು. ಸಂತ ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ, ಗುಟ್ಟಾಗಿ ಪ್ರಾರ್ಥಿಸಲು ಪ್ರಭು ನಮ್ಮನ್ನು ಕಳುಹಿಸುವ ಒಳಕೋಣೆಗೆ ಅಲ್ಲಿರುವ ಪದ ತಮೇಯೋನ್. ಉಗ್ರಾಣವೆಂದು ಅದರ ಮೂಲಾರ್ಥ. ಕಾಗೆಗಳಿಗೆ ಉಗ್ರಾಣವಿಲ್ಲವೆಂದು ಸಂತ ಲೂಕನು ಬರೆಯುವಾಗಲೂ ಅದೇ ಪದ. ಬಡವರ ಮನೆಯಲ್ಲಿ ಬಾಗಿಲಿದ್ದ ಕೋಣೆ ಬಹುಶಃ ಅದೊಂದೇ ಇದ್ದೀತೆಂದು ಆ ಗುರುಗಳ ಊಹೆ. ನನಗೆ ಅದು ಊಹೆಯಾಗಿ ತೋರಲಿಲ್ಲ. ನಮ್ಮ ಅಮ್ಮ ಜಪಸರ ಮಾಡುತ್ತಿದ್ದುದು ರಾಗಿಯ ವಾಡೆಗಳ ನಡುವೆ, ಕತ್ತಲೆಯ ಆ ಉಗ್ರಾಣದಲ್ಲಿ. ಮಕ್ಕಳ ಗದ್ದಲದಿಂದ ಆಕೆಗೆ ಬೇರೆ ತಾಣವಿರಲಿಲ್ಲ.

ಹೊಸ ಮನೆಗೆ ಬಂದು ಈಗ ಎರಡು ವರ್ಷ ದಾಟಿದೆ. ಅಮ್ಮನ ಕಾಯಿಲೆ ನಿಂತಿಲ್ಲ. ಮೊಮ್ಮಕ್ಕಳ ಹೆಸರುಗಳು ಒಂದರೊಳಗೊಂದು ಸೇರಿಹೋಗಿವೆ. ನನ್ನನ್ನು ಕೆಲವೊಮ್ಮೆ ತನ್ನ ಸೋದರಮಾವನೆಂದು ತಿಳಿದು ಕುಶಲ ಕೇಳುತ್ತಾಳೆ. ಆದರೆ ಬೆಳಿಗ್ಗೆ ಕಿಟಕಿಯ ಕೆಳಗಿನ ಹಲಗೆಗೆ ಬಂದು ಕುಳಿತುಕೊಳ್ಳುತ್ತಾಳೆ. ಎದುರಿನ ಭರಣಿಯಿಂದ ಉಪ್ಪು ತೆಗೆದುಕೊಡೆಂದರೆ ಕೊಡುತ್ತಾಳೆ. ಕೆಲವು ದಿನ ಕೇಳದಿದ್ದರೂ ಕೊಡುತ್ತಾಳೆ, ಸಾರಿಗೆ ಎರಡು ಸಲ ಉಪ್ಪು ಬೀಳುತ್ತದೆ. ಸೊಸೆ ಆಸ್ಪತ್ರೆಯಿಂದ ಬಂದು, ಆ ಸಾರಿಗೆ ನೀರು ಬೆರೆಸಿ ಬಡಿಸುತ್ತಾಳೆ.

ಕಳೆದ ಕ್ರಿಸ್ತಜಯಂತಿಯ ಮರುದಿನ ನಾನು ಹೋದಾಗ ಲೋಟಗಳ ಕಪಾಟಿಗೂ ಬಾಗಿಲಿರಲಿಲ್ಲ. ಅಮ್ಮ ನೀರು ಕುಡಿಯಲು ಲೋಟ ಸಿಗದೆ ಕೈಯೊಡ್ಡಿ ನಲ್ಲಿಯಿಂದಲೇ ಕುಡಿಯುತ್ತಿದ್ದುದನ್ನು ಕಂಡು, ತಮ್ಮ ತಾನೇ ಸ್ಕ್ರೂಡ್ರೈವರ್ ಹಿಡಿದು ಅದನ್ನು ಬಿಚ್ಚಿದನಂತೆ. ಬಿಚ್ಚಿದ ಆ ಬಿಳಿಯ ಬಾಗಿಲನ್ನು ಹಳೆಯ ಹೊದಿಕೆಯೊಂದರಲ್ಲಿ ಸುತ್ತಿ, ಕೀಲುಗಳನ್ನು ಒಂದು ಪೊಟ್ಟಣದಲ್ಲಿ ಕಟ್ಟಿ, ತನ್ನ ಮಂಚದ ಕೆಳಗೆ ಜೋಪಾನವಾಗಿ ಇಟ್ಟಿದ್ದಾನೆ.